ಎರಡೇ ಬಾಗಿಲು ಸಾಕೆಂದವನು

"ಏ ಪವ್ಯಾ! ಕಾಲು ಸಿಕ್ಕೊಂಡೈತೋ... ಎಳಿಯೋ ನನ್ನ!"

ತೆಲುಗು ಸೀಮೆಯ ಸನತ್‌ನಗರದ ಇಕ್ಕಟ್ಟಾದ ಗಲ್ಲಿಯಲ್ಲಿ ಭಾನುವಾರ ಬೆಳಿಗ್ಗೆ ಕೇಳಿಬಂದ ಈ ಕೂಗಿಗೆ, ಮೊಸರಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಕೋಕಿಲಾ ಗಕ್ಕನೆ ನಿಂತಳು.

ಅವಳ ಮನೆಯ ಮುಂದೆಯೇ ಒಂದು ಕಡುನೀಲಿ ಕಾರು. ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಬೆಕ್ಕಿನಂತೆ ತಗ್ಗಾಗಿತ್ತು. ಆ ಕಡೆ ಒಂದು ಬಾಗಿಲು, ಈ ಕಡೆ ಒಂದು ಬಾಗಿಲು... ಅಷ್ಟೇ! ಮಡಚಿದ ಮುಂದಿನ ಸೀಟಿನ ಸಂದಿಯಿಂದ, ಇಳಕಲ್ ಸೀರೆಯುಟ್ಟ ಹೆಂಗಸೊಬ್ಬರು ಹೊರಬರಲು ಹೆಣಗುತ್ತಿದ್ದರು. ಒಂದು ಕಾಲು ಹೊರಗೆ, ಒಂದು ಒಳಗೆ. ಸೆರಗು ಸೀಟಿನ ಬೆಲ್ಟಿಗೆ ಸುತ್ತಿಕೊಂಡಿತ್ತು.

ಪಕ್ಕದಲ್ಲಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾ ನಿಂತವರು ಸಂಬಂಧ ಕೂಡಿಸುವ ಅಮೃತಪ್ಪ.

ಅಯ್ಯೋ ದೇವರೇ! ಹೆಣ್ಣು ನೋಡಲು ಬರಬೇಕಾದವರು ಇವರೇ! ಅದೂ ಅರ್ಧ ಗಂಟೆ ಮುಂಚೆ!

ಓಡಿಹೋಗಬೇಕು ಅನ್ನಿಸಿತು. ಆದರೆ ಆ ಹೆಂಗಸಿನ ಮುಖ ನೋಡಿ ಕಾಲು ಬರಲಿಲ್ಲ. ಹತ್ತಿರ ಹೋಗಿ ಸೆರಗು ಬಿಡಿಸಿದಳು.

"ಕೈ ಕೊಡ್ರಿ ಕಾಕೂ... ತಲಿ ಬಗ್ಗಸ್ರಿ. ಹಾಂ!"

ಒಳಗಿನಿಂದ ಯಾರೋ ಮೆಲ್ಲಗೆ ನೂಕಿದರು. ಹುಡುಗನ ತಾಯಿ ಉಮಾಬಾಯಿ ಹೊರಗೆ ಬಿದ್ದಂತೆ ಬಂದರು. ಅವರ ಹಿಂದೆ, ಸೀಟುಗಳ ನಡುವಿನಿಂದ ಒಂದು ಮುಖ ಇಣುಕಿತು. ನಾಚಿಕೆಯಿಂದ ಕೆಂಪಾದ ಮುಖ. ಕಣ್ಣಿಗೆ ಕಣ್ಣು ಕೂಡಿದ ಆ ಒಂದು ಕ್ಷಣ ಕೋಕಿಲಾಳ ಎದೆ ತನ್ನ ಕೆಲಸ ಮರೆತಂತಾಯಿತು...

"ಬಾವಿಯಿಂದ ಎತ್ತಿದಂಗ ಎತ್ತಿದಿ ನೋಡವ್ವಾ!" ಉಮಾಬಾಯಿ ಸೀರೆ ಕೊಡವಿದರು. "ಇವಗ ನೂರು ಸಲ ಹೇಳೀನಿ, ನಾಕು ಬಾಗಿಲಿಂದು ತಗೋ, ಮನಷ್ಯಾರು ಕೂಡೋ ಗಾಡಿ ತಗೋ ಅಂತ. ಕಿವಿಗೆ ಹಾಕ್ಕೊಂಡ್ರ ಅಲ್ಲ!"

ಕೋಕಿಲಾ ಆಗಲೇ ಹಿತ್ತಿಲ ಬಾಗಿಲಿನ ಕಡೆ ಓಡುತ್ತಿದ್ದಳು. ಎಣ್ಣೆ ಹಚ್ಚಿದ ತಲೆ, ಮಾಸಿದ ಚೂಡಿದಾರ... ಆದರೆ ಅವಳ ತಲೆಯಲ್ಲಿ ಉಳಿದದ್ದು ಆ ನಾಚಿಕೆಯೂ ಅಲ್ಲ, ಆ ಕಣ್ಣುಗಳೂ ಅಲ್ಲ. ಆ ಎರಡು ಬಾಗಿಲು.

'ಇದರಾಗ ಅಪ್ಪ ಎಲ್ಲಿ ಕೂಡಬೇಕು?'

ಅವಳ ಅಪ್ಪ ಅಂಬಾದಾಸ ನಾಲ್ಕು ವರ್ಷದ ಹಿಂದೆ ಏಣಿಯಿಂದ ಬಿದ್ದಿದ್ದರು. ಎಡಗಾಲಿನ ಮೊಣಕಾಲಿಗೆ ಲೋಹದ ಪಟ್ಟಿ ಕೂರಿಸಿದ ಮೇಲೆ ಆ ಕಾಲು ಮಡಚುವುದೇ ಇಲ್ಲ. ಆಟೋದಲ್ಲಿ ಕೂತರೆ ಕಾಲು ರಸ್ತೆಗೆ ಚಾಚುತ್ತದೆ. ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಕೂರಬೇಕು, ಕೋಕಿಲಾ ಮೂಲೆಯಲ್ಲಿ ಮುದುಡಿ ಆ ಕಾಲನ್ನು ತೊಡೆಯ ಮೇಲಿಟ್ಟುಕೊಳ್ಳಬೇಕು. ತಾಯಿ ಇಲ್ಲದ ಮನೆ. ಅಪ್ಪನಿಗೆ ಅವಳು, ಅವಳಿಗೆ ಅಪ್ಪ.

ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವಳು ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ನಿಂತೇ ಇರುತ್ತಾಳೆ. ಗುಳಿಗೆ ಪಟ್ಟಿಗಳ ಮೇಲಿನ ತಾರೀಖು ಸರಿಯಾಗಿ ಬಿದ್ದಿದೆಯೇ ನೋಡುವ ಕೆಲಸ. ಬಿ.ಕಾಂ. ಓದಿದ್ದು ಇದಕ್ಕೇನಾ ಎಂದು ಕೇಳಿಕೊಳ್ಳುವಷ್ಟು ಕಸುವೂ ಈಗ ಉಳಿದಿಲ್ಲ. ಮನೆಗೆ ಬಂದರೆ ಅಡುಗೆ, ಅಪ್ಪನ ಕಾಲಿಗೆ ಎಣ್ಣೆ, ಬಟ್ಟೆ. ಹಾಸಿಗೆಗೆ ಬಿದ್ದರೂ ಕಣ್ಣ ಮುಂದೆ ತಾರೀಖುಗಳೇ ಸರಿಯುತ್ತವೆ.

ಇದುವರೆಗೆ ಐದು ಗಂಡುಗಳು ಬಂದಿದ್ದರು. ಐವರಿಗೂ ಅವಳು ಒಂದೇ ಮಾತು ಹೇಳಿದ್ದಳು. "ಮದುವಿ ಆದ ಮ್ಯಾಲೂ ಅಪ್ಪ ನನ್ನ ಜೋಡಿನೇ ಇರ್ತಾರ."

ಐವರೂ ಒಂದೇ ಉತ್ತರ ಕೊಟ್ಟಿದ್ದರು. "ವಿಚಾರ ಮಾಡಿ ಹೇಳ್ತೀವಿ."

ಯಾರೂ ಹೇಳಲಿಲ್ಲ.

* * *

ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮುಂದಿಟ್ಟದ್ದಾಯಿತು. ಹುಡುಗನ ಹೆಸರು ಪವನ. ಬಾಲಾನಗರದ ವರ್ಕ್‌ಶಾಪಿನಲ್ಲಿ ಕಬ್ಬಿಣದ ಅಚ್ಚು ಕೊರೆಯುವ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

"ಏನಪಾ ಪವನ," ಅಂಬಾದಾಸರು ಕಾಲು ಚಾಚಿಕೊಂಡೇ ಕೇಳಿದರು, "ನಾಕು ಬಾಗಿಲಿನ ಗಾಡ್ಯಾಗೂ ಭಾಳ ಜೋರ ಓಡೋವು ಬಂದಾವಂತಲ್ಲ?"

ಅಲ್ಲಿಯವರೆಗೆ ತಟ್ಟೆ ನೋಡುತ್ತಿದ್ದ ಅವನ ಮುಖ ಅರಳಿತು.

"ಬಂದಾವ್ರಿ ಕಾಕಾ. ನನ್ನ ಗೆಳೆಯಾ ತಗೊಂಡಾನ. ಸ್ಪೀಡಿನ್ಯಾಗ ನಂದು ಅದರ ಹತ್ತಿರನೂ ಬರಂಗಿಲ್ಲ. ನಂದು ಹಳೇದು, ಇಂಥಾ ಎರಡು ಬಾಗಿಲಿಂದಕ್ಕ ಕೂಪೆ ಅಂತಾರ. ಹದಿನೆಂಟು ವರ್ಷದ್ದು, ಕೆಟ್ಟು ನಿಂತಿತ್ತು. ನಾನ ರಿಪೇರಿ ಮಾಡಿ ನಿಲ್ಲಿಸೀನ್ರಿ."

"ಮತ್ತ ಅದನ್ನ ಬಿಟ್ಟು ಇದ್ಯಾಕೋ?"

"ಅದನ್ನ ನೋಡಿದ್ರ ಆಫೀಸಿಗೆ ಹೊಂಟ ಪೈಲ್ವಾನನ್ನ ನೋಡಿದಂಗ ಆಕ್ಕೈತ್ರಿ. ಮೈಯಾಗ ಕಸುವೈತಿ, ಮ್ಯಾಲ ಇಸ್ತ್ರಿ ಅಂಗಿ! ಇದು ಹಂಗಲ್ಲ. ಮುಂದಿನ ಗಾಜಿನಿಂದ ಹಿಂದಿನ ತುದಿ ತನಕಾ ಒಂದ ಗೆರಿ. ನಡುವ ಎಲ್ಲೂ ಕಡಿದಿಲ್ಲ..."

ಅವನು ಬೆರಳಿನಿಂದ ಗಾಳಿಯಲ್ಲಿ ಆ ಗೆರೆ ಎಳೆದ. ಬಾಗಿಲ ಮರೆಯಲ್ಲಿದ್ದ ಕೋಕಿಲಾ ಬೇಡಬೇಡವೆಂದರೂ ಆ ಗೆರೆಯನ್ನು ಕಂಡಳು. ಏರಿ, ತುಸು ನಿಂತು, ಮೆಲ್ಲಗೆ ಇಳಿದ ಗೆರೆ. ಒಂದು ವಸ್ತುವಿನ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡಬಲ್ಲವನು ಒಂದು ಹೆಣ್ಣಿನ ಬಗ್ಗೆ ಹೇಗೆ ಮಾತಾಡಬಹುದು!

"ಪೈಲ್ವಾನನ ಬೆನ್ನ ಮ್ಯಾಲೆ ಅವ್ವನ್ನ ಕೂಡಿಸಬಹುದಿತ್ತು," ಉಮಾಬಾಯಿ ಭಜಿ ಮುರಿಯುತ್ತಾ ಗೊಣಗಿದರು.

ಇಬ್ಬರನ್ನೂ ಮಾತಾಡಲು ಬಾಲ್ಕನಿಗೆ ಕಳಿಸಿದರು. ಒಣಹಾಕಿದ ಬಟ್ಟೆಗಳ ನಡುವೆ ಇಬ್ಬರೂ ಮಾತಿಗಾಗಿ ತಡಕಾಡಿದರು. ಆ ಮಾತು ಈಗ ಹೇಳಬೇಕು... ತುಟಿಯವರೆಗೂ ಬಂತು. ಆದರೆ ಅದರ ಹಿಂದೆಯೇ 'ವಿಚಾರ ಮಾಡಿ ಹೇಳ್ತೀವಿ' ಕೂಡ ಕೇಳಿಸಿತು. ಎಷ್ಟು ಸಲ? ಇನ್ನೂ ಎಷ್ಟು ಸಲ?

ಬದಲಿಗೆ ಅವಳು ಕೇಳಿದ್ದು ಬೇರೆಯೇ. "ನಾಕು ಬಾಗಿಲಿಂದು... ಎಂದೂ ಬೇಕು ಅನಿಸಿಲ್ಲೇನ್ರಿ?"

"ಇಲ್ರಿ," ಅವನು ನಕ್ಕ. "ನನಗ ಎರಡ ಸಾಕು."

ಎರಡೇ ಸಾಕು... ತಾನು, ತನ್ನ ಹೆಂಡತಿ. ಇಬ್ಬರೇ ಸಾಕು! ಕೋಕಿಲಾಳ ಒಳಗೆ ಏನೋ ಸದ್ದಿಲ್ಲದೆ ಮುಚ್ಚಿಕೊಂಡಿತು.

"ನೀವು ಇನ್ನೇನರ ಕೇಳೋದೈತೇನ್ರಿ?" ಅವನು ಮೆಲ್ಲಗೆ ಕೇಳಿದ.

"ಇಲ್ರಿ."

ಅದೇ ಸಂಜೆ ಅವಳೇ ಅಮೃತಪ್ಪನವರಿಗೆ ಫೋನ್ ಮಾಡಿದಳು. "ಜಾತಕ ಕೂಡಲಿಲ್ಲ ಅಂತ ಹೇಳಿಬಿಡ್ರಿ ಕಾಕಾ."

ಅವರ ಮಂದಿಯಲ್ಲಿ ಬೇಡವೆನ್ನಲು ಇದಕ್ಕಿಂತ ಮೆತ್ತಗಿನ ಮಾತಿಲ್ಲ. ಯಾರ ಮನಸ್ಸೂ ನೋಯುವುದಿಲ್ಲ, ತಪ್ಪೆಲ್ಲ ಗ್ರಹಗಳ ಮೇಲೆ ಹೋಗುತ್ತದೆ.

"ಹುಡುಗ ಚೊಲೋ ಇದ್ನಲ್ಲ ಕೋಕಿ?" ಎಂದರು ಅಪ್ಪ.

"ಆತು ಬಿಡಪ್ಪಾ..."

ಅವಳು ಅಡುಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚತೊಡಗಿದಳು. ಕಣ್ಣೀರಿಗೆ ಒಂದು ನೆಪ ಬೇಕಿತ್ತು.

* * *

ಮುಂದಿನ ಶನಿವಾರ, ಸಂಜೆ ಐದು. ಕಾರ್ಖಾನೆಯ ಗೇಟಿನಾಚೆ ಕಡುನೀಲಿ ಕಾರು! ಅದಕ್ಕೊರಗಿ ಪವನ.

"ಕೋಕಿಲಾ ಅವರ... ಒಂದ ನಿಮಿಷ."

ಹೊರಗೆ ಬರುತ್ತಿದ್ದ ಹುಡುಗಿಯರು ತೆಲುಗಿನಲ್ಲಿ ಗುಸುಗುಸು ನಕ್ಕರು. ಕೋಕಿಲಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಜಾತಕ ಕೂಡಲಿಲ್ಲ ಅಂದ್ರಂತ."

"ಹೌದ್ರಿ..."

"ಯಾವ ಜಾತಕ?"

"ಅಂದ್ರ?"

"ನಾವು ನಿಮಗ ಜಾತಕ ಕೊಟ್ಟೇ ಇಲ್ಲಲ್ರಿ! ನಮ್ಮವ್ವ ಟ್ರಂಕ್ ತಗದು ನೋಡಿದ್ಲು, ಅಲ್ಲೇ ಐತಿ. ನಿಮ್ಮ ಮನ್ಯಾಗ ಕೂಡದನ ಹೋದದ್ದು ಯಾವನ ಜಾತಕ್ರಿ, ಪಾಪ?"

ಕೋಕಿಲಾಳ ಮುಖಕ್ಕೆ ರಕ್ತ ನುಗ್ಗಿತು. ನಗು ಬಂತು, ಅದರ ಬೆನ್ನಿಗೇ ಅಳು. ಒಂದನ್ನು ತಡೆಯಲು ಹೋದರೆ ಇನ್ನೊಂದು ತಪ್ಪಿಸಿಕೊಳ್ಳುತ್ತಿತ್ತು.

"ನಾ ಹಿಡಿಸಲಿಲ್ಲಂದ್ರ ಹಿಡಿಸಲಿಲ್ಲ ಅನ್ರಿ. ತಿರುಗಿ ನೋಡದನ ಹೋಗ್ತೀನಿ," ಅವನ ದನಿ ಸಣ್ಣಗಾಯಿತು. "ಆದ್ರ ಖರೇ ಹೇಳ್ರಿ."

ಒಂಬತ್ತು ಗಂಟೆ ನಿಂತ ಕಾಲುಗಳು. ಉರಿಯುವ ಕಣ್ಣುಗಳು. ಸುಳ್ಳು ಹೇಳಲೂ ಶಕ್ತಿ ಬೇಕಲ್ಲ... ಅದು ಅವಳಲ್ಲಿ ಉಳಿದಿರಲಿಲ್ಲ.

"ನಿಮ್ಮ ಗಾಡ್ಯಾಗ ನಮ್ಮಪ್ಪಗ ಜಾಗಾ ಇಲ್ರಿ!" ಅವಳು ಕಾರಿನತ್ತ ಕೈ ಮಾಡಿದಳು. "ಗಾಡ್ಯಾಗ ಇಲ್ದವರಿಗೆ ಮನ್ಯಾಗ ಎಲ್ಲಿಂದ ಬರ್ತೈತಿ? ಎರಡ ಸಾಕು ಅಂದ್ರಿ ನೀವು. ನಾವು ಮೂರು ಮಂದಿ ಆಗ್ತೀವಿ. ಅಪ್ಪನ್ನ ಬಿಟ್ಟು ನಾ ಎಲ್ಲೂ ಬರಂಗಿಲ್ಲ!"

ಪವನ ದಂಗಾದ. "ಇದನ್ನ ಅವತ್ತ ಯಾಕ ಹೇಳಲಿಲ್ರಿ?"

"ಐದು ಮಂದಿಗೆ ಹೇಳಿ ಸಾಕಾಗೈತ್ರಿ. ಆರನೇದವರಿಗೆ ಹೇಳಾಕ ಬಾಯೇ ಬರಲಿಲ್ಲ."

ಸಿಹಿಮಾತು ಆಡುತ್ತಾನೆ ಎಂದುಕೊಂಡಿದ್ದಳು. ಅವನು ಆಡಲಿಲ್ಲ.

"ಖರೇ ಹೇಳ್ತೀನ್ರಿ. ಈ ಗಾಡಿ ತಗೊಳ್ಳುವಾಗ ನಾ ಯಾರನ್ನೂ ನೆನಸಿರಲಿಲ್ಲ. ಹತ್ತು ವರ್ಷದಿಂದ ಮಂದಿ ಕೊಟ್ಟ ಅಳತಿಗೆ ಕಬ್ಬಿಣ ಕೊರ್ಯಾಕತ್ತೀನಿ. ಅವ್ವಗೊಂದು ಅಳತಿ, ಸಾಹೇಬ್ರಿಗೊಂದು ಅಳತಿ. ಇದೊಂದ ನನ್ನ ಮನಸಿನ ಅಳತಿಗೆ ತಗೊಂಡಿದ್ದು. ಎರಡು ಬಾಗಿಲು ಸಾಕು ಅಂದದ್ದು ಗಾಡಿಗೆ. ಮನಷ್ಯಾರಿಗಲ್ರಿ."

ಸ್ವಲ್ಪ ಯೋಚಿಸಿ ಕೇಳಿದ. "ಕಾಕಾರ ಕಾಲು ಒಟ್ಟ ಮಡಚಂಗಿಲ್ಲೇನು?"

"ಇಲ್ಲ."

ಅವನು ಜೇಬಿನಿಂದ ಅಳತೆ ಟೇಪು ತೆಗೆದ! ನಡುರಸ್ತೆಯಲ್ಲೇ ಕಾರಿನ ಬಾಗಿಲು ತೆರೆದು, ಕೂತು, ಎದ್ದು, ಅಳೆಯತೊಡಗಿದ. ಕೋಕಿಲಾ ಕಣ್ಣೀರು ಒರೆಸುವುದನ್ನೂ ಮರೆತು ನೋಡುತ್ತಾ ನಿಂತಳು.

"ಬಾಗಿಲು ಎರಡ ಆದ್ರೂ ಒಂದೊಂದು ಎಷ್ಟು ಉದ್ದ ಐತಿ ನೋಡ್ರಿ. ನಾಕು ಬಾಗಿಲಿನ ಗಾಡ್ಯಾಗ ನಡುವಿನ ಕಂಬ ಮುಂದಿನ ಸೀಟಿನ ಬಗಲಿಗೇ ಬರ್ತೈತಿ, ತಿರಗಾಕ ಬಿಡಂಗಿಲ್ಲ. ಇದರಾಗ ಕಂಬ ಭಾಳ ಹಿಂದ ಐತಿ. ಸೀಟು ಪೂರಾ ಹಿಂದ ಸರಿಸಿದ್ರ ಚಾಚಿದ ಕಾಲು ಹಂಗ ಒಳಗ ಹೋಗಬಹುದು..." ಅವನು ತಲೆ ಎತ್ತಿದ. "ಹೋಗದನೂ ಇರಬಹುದ್ರಿ. ಒಂದು ಸಲ ನೋಡೋಣೇನು? ಆಮ್ಯಾಲ ಬ್ಯಾಡ ಅನ್ರಿ, ಒಪ್ಕೋತೀನಿ."

* * *

"ಏ ಹುಚ್ಚಪ್ಪಗಳ್ರಾ, ನನ್ನ ಯಾಕ ಈ ಸರ್ಕಸ್ಸಿಗೆ ಎಳೀತೀರಿ?" ಎನ್ನುತ್ತಲೇ ಅಂಬಾದಾಸರು ಮನೆ ಮುಂದೆ ನಿಂತ ಕಾರಿಗೆ ಬೆನ್ನು ತಿರುಗಿಸಿ ಮುಂದಿನ ಸೀಟಿನ ಮೇಲೆ ಕೂತರು. ಪವನ ಅವರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಗಾಜಿನ ಸಾಮಾನು ತಿರುಗಿಸುವಂತೆ ಮೆಲ್ಲಗೆ ತಿರುಗಿಸಿದ.

ಕಾಲು ಎಲ್ಲೂ ತಾಗಲಿಲ್ಲ. ನೆಟ್ಟಗೆ ಒಳಗೆ ಹೋಯಿತು!

"ಏ... ಹೋತಲ್ಲೋ!"

ಅಂಬಾದಾಸರು ಮುಂದಿನ ಗಾಜಿನತ್ತ ನೋಡಿದರು. ನಾಲ್ಕು ವರ್ಷ ಅವರು ಅಡ್ಡ ಕೂತು ಪಕ್ಕದ ಕಿಟಕಿಯನ್ನಷ್ಟೇ ನೋಡಿದ್ದರು.

"ಕೋಕಿ... ಎದುರಿಗೆ ರಸ್ತಾ ಕಾಣಾಕತ್ತೈತವ್ವಾ," ಅವರು ಬೆರಳು ಮಾಡಿ ತೋರಿಸಿದರು. "ಈಗ ನನ್ನ ಇಳಸಬ್ಯಾಡ್ರಿ. ಒಂದು ಸುತ್ತು ಹಾಕಿಸೋ ಪವನ!"

"ನಮ್ಮ ಮನಿ ತನಕಾ ಹೋಗೋಣ್ರಿ ಕಾಕಾ. ಅವ್ವನ ಕೈಯಾಗ ಚಾ ಕುಡದು ಬರೋಣ."

ಕೋಕಿಲಾ ಪವನನ ಹಿಂದಿನ ಸೀಟಿಗೆ ತೂರಿಕೊಂಡಳು. ಇಕ್ಕಟ್ಟಿತ್ತು. ತಲೆ ಮೇಲ್ಛಾವಣಿಗೆ ತಾಗುವಂತಿತ್ತು. ಆದರೆ ತೊಡೆಯ ಮೇಲೆ ಯಾವ ಭಾರವೂ ಇರಲಿಲ್ಲ. ಪ್ರತಿ ತಗ್ಗು ಬಂದಾಗ ಅಭ್ಯಾಸಬಲದಿಂದ ಅವಳ ಕೈಗಳು ಅಪ್ಪನ ಕಾಲು ಹಿಡಿಯಲು ಮುಂದಾಗುತ್ತಿದ್ದವು. ಹಿಡಿಯಲು ಏನೂ ಇಲ್ಲದೆ ಮತ್ತೆ ಮಡಿಲಿಗೆ ಬರುತ್ತಿದ್ದವು.

ಮುಂದೆ ಅಪ್ಪ ಏನೋ ಹೇಳಿ ನಗುತ್ತಿದ್ದರು. ಆ ನಗು ದೂರ ದೂರ ಸರಿಯಿತು...

* * *

ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ಹೊರಗೆ ಬೀದಿದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಮುಂದಿನ ಸೀಟಿನಲ್ಲಿ ಅಪ್ಪ ಇರಲಿಲ್ಲ. ಪವನ ಸ್ಟೀರಿಂಗಿನ ಮುಂದೆ ಸುಮ್ಮನೆ ಕೂತಿದ್ದ.

"ಅಪ್ಪ?!"

"ಒಳಗ ಚಾ ಕುಡ್ಯಾಕತ್ತಾರ್ರಿ. ನಾನೂ ಅವ್ವನೂ ಕೂಡಿ ಎಳದು ನಿಲ್ಲಿಸಿದ್ವಿ. ಸೀಟು ಭಾಳ ತಗ್ಗೈತಿ, ಎರಡು ಇಂಚು ಎತ್ತರಿಸಬೇಕು. ಅಷ್ಟು ಗದ್ದಲಾದ್ರೂ ನಿಮಗ ಎಚ್ಚರಾಗಲಿಲ್ಲ."

"ಎಷ್ಟೊತ್ತಾತು?"

"ಮುಕ್ಕಾಲು ತಾಸು."

"ಎಬ್ಬಿಸಬಾರದೇನ್ರಿ!"

"ಮನಸ್ಸಾಗಲಿಲ್ರಿ."

ಮನೆಯ ಕಿಟಕಿಯಿಂದ ಉಮಾಬಾಯಿಯ ದನಿ ಕೇಳಿತು. "ನಾಚಬ್ಯಾಡ್ರಿ ಅಣ್ಣಾರ, ಕಾಲು ಚಾಚ್ರಿ!"

ಪವನ ಹಿಂದೆ ತಿರುಗದೆಯೇ ಹೇಳಿದ. "ನಿಮಗ ಹಿಂದ ಇಕ್ಕಟ್ಟಾತು. ನೀವು ಹೂಂ ಅಂದ್ರ ಇದನ್ನ ಕೊಟ್ಟು ನಾಕು ಬಾಗಿಲಿಂದು ತಗೋತೀನಿ."

"ಬ್ಯಾಡ್ರಿ!" ಅವಳ ದನಿ ಅವಳಿಗೇ ಜೋರೆನಿಸಿತು. "ನಿಮ್ಮ ಸಲುವಾಗಿ ಅಂತ ನೀವು ಮಾಡಿಕೊಂಡಿದ್ದು ಇದೊಂದ. ನಾ ಅಂತೂ ನನ್ನ ಸಲುವಾಗಿ ಒಂದೂ ಮಾಡಿಕೊಂಡಿಲ್ಲ... ಇವತ್ತ ಮಾಡಿಕೋಬೇಕು ಅನಿಸಾಕತ್ತೈತಿ."

"ಏನ್ರಿ?"

ಮುಂದಿನ ಸೀಟಿನ ಬೆನ್ನಿಗೆ ಹಣೆ ಆನಿಸಿ, ಕಣ್ಣು ಮುಚ್ಚಿ ಹೇಳಿದಳು.

"ನೀವು ನನಗ ಬೇಕ್ರಿ. ಅಪ್ಪ ನಮ್ಮ ಜೋಡಿನೇ ಇರ್ತಾರ. ಎರಡೂ ಬೇಕು."

ಅವನು ವಿಚಾರ ಮಾಡಲಿಲ್ಲ.

"ನೀವು ಮಲಗಿದಾಗ ಅವ್ವಗ ಎಲ್ಲಾ ಹೇಳೀನ್ರಿ. ಆಕಿ ಆಗಲೇ ಕಾಕಾರಿಗೆ ಮುಂದಿನ ಖೋಲಿ ತೋರಸ್ಯಾಳ. ಅದಕ್ಕ ಮೆಟ್ಟಲಿಲ್ಲ. ಕಾಕಾ ಕಿಟಕಿ ಬಾಜೂಕ ಮಂಚ ಹಾಕ್ರಿ ಅಂತ ಹುಕುಂ ಮಾಡ್ಯಾರ. ನಿಮ್ಮದೊಂದ ಮಾತು ಬಾಕಿ ಇತ್ತು..." ಅವನ ದನಿ ಒದ್ದೆಯಾಗಿತ್ತು. "ನೀವು ಕೈ ಕೊಟ್ಟು ನಮ್ಮವ್ವನ್ನ ಎಳದ್ರಲ್ಲ, ಅವತ್ತಿಂದ ನಾ ಸರಿಯಾಗಿ ನಿದ್ದಿ ಮಾಡಿಲ್ಲ ಕೋಕಿಲಾ."

ಮೊದಲ ಸಲ 'ಅವರು' ಬಿಟ್ಟು ಕರೆದಿದ್ದ. ಅವಳು ಕತ್ತಲಲ್ಲೇ ನಕ್ಕಳು.

ಒಳಗೆ ಹೋಗಬೇಕು. ಮುಖ ತೊಳೆಯಬೇಕು. ಎಲ್ಲರೂ ಕಾಯುತ್ತಿರುತ್ತಾರೆ. ಆದರೆ ವರ್ಷಗಳ ದಣಿವು ಈಗಷ್ಟೇ ಮೈಯಿಂದ ಇಳಿಯತೊಡಗಿತ್ತು, ಅದಕ್ಕೆ ಇನ್ನೂ ಸಮಯ ಬೇಕಿತ್ತು.

"ಪವನ..."

"ಹೂಂ?"

"ಇನ್ನೊಂದು ಹತ್ತು ನಿಮಿಷ ಮಲಗ್ಲೇನ್ರಿ?"

"ಮಲಗು," ಎಂದ ಅವನು, ಕಿಟಕಿಯ ಗಾಜನ್ನು ತುಸುವೇ ಇಳಿಸುತ್ತಾ. "ನಾ ಇಲ್ಲೇ ಇರ್ತೀನಿ."