ಬಿಚ್ಚಿಟ್ಟ ಕಂಪ್ರೆಸರ್

"ಆ ಬೋಲ್ಟಿಗೆ ಕೈ ಹಾಕಬೇಡ!"

ಅವಳ ಕೈಯಿಂದ ಸ್ಪ್ಯಾನರ್ ಜಾರಿ ಠಣ್ಣೆಂದು ಕೆಳಗೆ ಬಿತ್ತು. ಏಳು ವರ್ಷವಾದರೇನು, ಆ ದನಿ ಮರೆಯುವುದುಂಟೇ?

ಶೆಡ್ಡಿನ ಬಾಗಿಲಲ್ಲಿ ಅವನೇ ನಿಂತಿದ್ದ. ಅಪ್ಪನ ಬಳಿ ಕೆಲಸ ಕಲಿತವನು, ಒಂದು ದಿನ ಹೇಳದೆ ಕೇಳದೆ ಹೋದವನು. ಕಿವಿಯ ಬಳಿ ಒಂದೆರಡು ನರೆಗೂದಲು... ಅಯ್ಯೋ, ಅದನ್ನೆಲ್ಲ ಯಾಕೆ ನೋಡುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಂಡಳು.

"ಯಾಕೆ ಬಂದೆ?"

"ಪಾರ್ಟ್ಸ್ ಅಂಗಡಿಯವರು ಫೋನಲ್ಲಿ ಹೇಳಿದ್ರು. ನಿಮ್ಮಪ್ಪನ ಕಾರಿಗೆ ಹೊಸ ಎ.ಸಿ. ಕಂಪ್ರೆಸರು, ಅದರ ಕ್ಲಚ್ಚು ತಗೊಂಡು ಹೋದೆಯಂತೆ. ನಂಬೋಕೇ ಆಗ್ಲಿಲ್ಲ."

"ಯಾಕೆ, ನಂಗೆ ಕೆಲಸ ಬರಲ್ವಾ?"

ಬರದೇ ಏನು! ಇಬ್ಬರಿಗೂ ಕಲಿಸಿದ್ದು ಅಪ್ಪನೇ. ಆಗಿನ ಆ ಮಧ್ಯಾಹ್ನಗಳು... ಎ.ಸಿ. ರಿಪೇರಿಯಾದ ಯಾವ ಕಾರೇ ಇರಲಿ, ಪರೀಕ್ಷೆ ಮಾಡುವ ನೆಪದಲ್ಲಿ ಇಬ್ಬರೂ ಒಳಗೆ ಕೂತುಬಿಡುತ್ತಿದ್ದರು. ಕಂಪ್ರೆಸರಿನ ಕ್ಲಚ್ ಟಕ್ಕೆಂದು ಹಿಡಿದು ತಣ್ಣನೆ ಗಾಳಿ ಬಂದಾಗ ಇವಳು ಕಣ್ಣು ಮುಚ್ಚುತ್ತಿದ್ದಳು, ಅವನು ಇವಳನ್ನೇ ನೋಡುತ್ತಿದ್ದ.

"ಸಾಕು ಇಳೀರೋ, ಪೆಟ್ರೋಲ್ ಏನು ನಿಮ್ಮ ತಾತ ಹಾಕಿಸ್ತಾನಾ?" ಎಂದು ಅಪ್ಪ ಗದರುತ್ತಿದ್ದರು. ಆ ಬೈಗುಳವೂ ಎಷ್ಟು ಚೆನ್ನಾಗಿತ್ತು!

ಅಪ್ಪನ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಬಿಚ್ಚಿದವರೇ ಜೋಡಿಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಅಂಥದ್ದರಲ್ಲಿ ಇವನು ಈ ಕಾರಿನ ಕೆಟ್ಟ ಕಂಪ್ರೆಸರ್ ಬಿಚ್ಚಿ, ಬೋಲ್ಟುಗಳನ್ನು ಡಬ್ಬಿಗೆ ಹಾಕಿಟ್ಟು, ಮಾರನೇ ದಿನವೇ ದೂರದ ಊರಿನ ಕೆಲಸಕ್ಕೆ ಹೊರಟುಬಿಟ್ಟಿದ್ದ. ಕೆಲಸವನ್ನೂ ಅರ್ಧಕ್ಕೆ ಬಿಟ್ಟ, ತನ್ನನ್ನೂ ಅರ್ಧಕ್ಕೆ ಬಿಟ್ಟ! ಅಪ್ಪ ತೀರಿಹೋದ ಮೇಲೂ ಅವಳು ಆ ಡಬ್ಬಿ ಮುಟ್ಟಿರಲಿಲ್ಲ.

ಇವತ್ತು ಮುಟ್ಟಿದ್ದಳು. ಸೋದರತ್ತೆ ಒಂದು ಸಂಬಂಧ ತಂದಿದ್ದರು, ಸಂಜೆಯೊಳಗೆ ಉತ್ತರ ಬೇಕಂತೆ. ಇದೊಂದನ್ನು ತಾನೇ ಜೋಡಿಸಿ ಮುಗಿಸಿ, ಅತ್ತೆಗೆ 'ಹೂಂ' ಎಂದುಬಿಟ್ಟರೆ ಅಲ್ಲಿಗೆ ಅವನ ಕಥೆ ಮುಗಿಯಿತು. ಮೂರು ಬೋಲ್ಟು ಬಿಗಿದಾಗಿತ್ತು, ಉಳಿದದ್ದು ಒಂದೇ.

"ಅರ್ಧಕ್ಕೆ ಬಿಟ್ಟು ಹೋದೋನಿಗೆ ಈಗೇನು ಅಧಿಕಾರ?" ಅವಳು ಬಿದ್ದ ಸ್ಪ್ಯಾನರ್ ಎತ್ತಿಕೊಂಡಳು.

"ಬಿಟ್ಟು ಹೋಗ್ಲಿಲ್ಲ ಕಣೇ! ಬೇಕಂತಲೇ ಬಿಚ್ಚಿಟ್ಟು ಹೋದೆ. ಬಿಚ್ಚಿದ ಮೇಲೆ ನಾನೇ ಬಂದು ಜೋಡಿಸ್ಬೇಕಲ್ಲ... ವಾಪಸ್ ಬರ್ತೀನಿ ಅಂತ ನಿಂಗೆ ಅರ್ಥ ಆಗುತ್ತೆ ಅಂದ್ಕೊಂಡೆ. ಬಾಯಿಬಿಟ್ಟು ಹೇಳೋಕೆ ಧೈರ್ಯ ಇರ್ಲಿಲ್ಲ."

ದೇವರೇ! ಪ್ರೀತಿ ಹೇಳಲು ಈ ಮಹಾಶಯನಿಗೆ ಕಂಪ್ರೆಸರೇ ಬೇಕಾಯಿತೇ?

"ಮತ್ತೆ ಯಾಕೆ ಬರ್ಲಿಲ್ಲ?"

"ಬಂದಿದ್ದೆ. ಒಂದು ವರ್ಷಕ್ಕೇ. ಬೀದಿ ತುದೀಲಿ ನೋಡಿದ್ರೆ ನೀನು ಇದೇ ಕಾರು ಓಡಿಸ್ಕೊಂಡು ಹೋಗ್ತಿದ್ದೆ. ಕಂಪ್ರೆಸರ್ ಇಲ್ದೆ ಬೆಲ್ಟ್ ಕೂರಲ್ಲ, ಕಾರು ಓಡಲ್ಲ; ಯಾರ ಕೈಲೋ ಜೋಡಿಸಿಬಿಟ್ಟಿದ್ದಾಳೆ, ನನಗೆ ಕಾಯ್ಲಿಲ್ಲ ಅಂತ... ಹಾಗೇ ತಿರುಗಿ ಹೋದೆ. ಅಂಗಡಿಯವರು ಹೇಳಿದ ಮೇಲೇ, ಇನ್ನೂ ಜೋಡಿಸಿಲ್ವೇನೋ ಅಂತ ಓಡಿ ಬಂದೆ."

ಅವಳಿಗೆ ಅಳು ಒತ್ತರಿಸಿಕೊಂಡು ಬಂತು, ಸಿಟ್ಟೂ ಬಂತು.

"ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು ಕಣೋ! ಕಂಪ್ರೆಸರ್ ಇಲ್ದೆ, ಅದನ್ನ ಬಿಟ್ಟು ಸುತ್ತೋ ಚಿಕ್ಕ ಬೆಲ್ಟ್ ಹಾಕ್ಕೊಂಡು ಓಡಿಸ್ದೆ. ಇಷ್ಟು ವರ್ಷ ಕಿಟಕಿ ಇಳಿಸ್ಕೊಂಡು ಬೆವರು ಸುರಿಸಿದ್ದೀನಿ. ಮೆಕ್ಯಾನಿಕ್ ಅಂತೀಯ, ಒಂದ್ಸಲ ಬಾನೆಟ್ ಎತ್ತಿ ನೋಡೋಕಾಗ್ಲಿಲ್ವಾ?"

ಅವನ ಮುಖ ಪೆಚ್ಚಾಯಿತು. ಕಣ್ಣು ತುಂಬಿ ಬಂತು. ಆರು ವರ್ಷ ವ್ಯರ್ಥವಾಗಿ ಹೋಗಿತ್ತಲ್ಲ!

"ಅತ್ತೆ ಒಂದು ಸಂಬಂಧ ತಂದಿದ್ದಾರೆ. ಸಂಜೆ ಉತ್ತರ ಕೊಡ್ಬೇಕು" ಎಂದಳು. "ಏನಂತ ಹೇಳ್ಲಿ? ಈ ಸಲ ಬಾಯಿಬಿಟ್ಟು ಹೇಳು."

"ಬೇಡ ಅನ್ನು." ಅವನು ಬಾಗಿಲಿನಿಂದ ಒಳಗೆ ಬಂದ. "ನಿನ್ನ ಬಿಟ್ಟು ನಂಗೆ ಯಾರೂ ಬೇಡ. ನನ್ನ ಮದುವೆ ಆಗ್ತೀಯಾ?"

ಅವಳು ಗ್ರೀಸು ಕೈಯಲ್ಲೇ ಫೋನ್ ಎತ್ತಿಕೊಂಡಳು.

"ಅತ್ತೆ, ಆ ಸಂಬಂಧ ಬೇಡ. ನಂಗೆ ಹುಡುಗ ಸಿಕ್ಕಿದ್ದಾನೆ... ಹೂಂ, ಮೆಕ್ಯಾನಿಕ್ಕು. ಸ್ವಲ್ಪ ಮಂಕು."

ಉಳಿದ ಬೋಲ್ಟನ್ನು ಅವನು ಬಿಗಿದ. ಪೈಪುಗಳನ್ನು ಅವಳು ಕೂಡಿಸಿದಳು. ಆಮೇಲೆ ಅಪ್ಪನ ಹಳೆ ವ್ಯಾಕ್ಯೂಮ್ ಪಂಪು ಗುರ್ರೆಂದು ಶುರುವಾಯಿತು. ಪೈಪಿನೊಳಗಿನ ಗಾಳಿಯನ್ನೆಲ್ಲ ಅದು ಹೀರಿದ ಮೇಲೇ ಗ್ಯಾಸ್ ತುಂಬಬೇಕು.

"ಇನ್ನು ಮುಕ್ಕಾಲು ಗಂಟೆ ಸುಮ್ನೆ ಕಾಯ್ಬೇಕು" ಎಂದ.

"ಸುಮ್ನೆ ಯಾಕೆ? ಏಳು ವರ್ಷದ್ದು ಹೇಳು."

"ಮುಕ್ಕಾಲು ಗಂಟೇಲಿ ಮುಗಿಯಲ್ಲ ಅದು."

ಅವಳು ಅವನ ಹೆಗಲಿಗೆ ತಲೆ ಆನಿಸಿದಳು. "ನಿಧಾನಕ್ಕೆ ಹೇಳು... ನಾನೆಲ್ಲೂ ಹೋಗಲ್ಲ."

"ನಾನೂ ಹೋಗಲ್ಲ ಕಣೇ."