ಸೀತಾಳೆ ದಂಡೆ ತಂದವರು ಯಾರು

"ಹೂ ಮನೆಗೆ ಬಂತು ಮೇಡಂ, ಅವ್ರು ಬರ್ಲಿಲ್ಲ."

ಮೇ ತಿಂಗಳ ಕೊನೆಯ ಶುಕ್ರವಾರ ಸಂಜೆ ಹೊಸನಗರ ಠಾಣೆಗೆ ಬಂದ ಯಮುನಮ್ಮನ ದೂರು ಇಷ್ಟೇ. ಭಾನುವಾರ ಮಗಳು ಲಿಖಿತಾಳ ಮದುವೆ. ಮದುಮಗಳ ಮುಡಿಗೆ ಸೀತಾಳೆ ದಂಡೆ ಎಂಬ ಕಾಡುಹೂವನ್ನು ಅಪ್ಪನೇ ಮರ ಹತ್ತಿ ತರುವುದು ಅವರ ಮನೆಯ ರೂಢಿ. ಗಂಡ ಮಾಸ್ತಪ್ಪ ನಸುಕಿನಲ್ಲೇ ಕಾಡಿಗೆ ಹೋಗಿದ್ದರು. ಹತ್ತು ಗಂಟೆಗೆ ನೋಡಿದರೆ ಅಂಗಳಕ್ಕೆ ಗೇಟಿನಂತಿದ್ದ ದಣಪೆಗೆ ಹೂವಿನ ಗೊಂಚಲು ತೂಗುತ್ತಿತ್ತು, ತಂದವರ ಪತ್ತೆಯಿರಲಿಲ್ಲ.

ಪಿಎಸ್‌ಐ ಗಾನವಿ ನಾಪತ್ತೆ ಪ್ರಕರಣ ದಾಖಲಿಸಿದರು. ಮರುದಿನ ಬೆಳಗ್ಗೆ ತೀರ್ಥಹಳ್ಳಿ ರಸ್ತೆಯ ತಿರುವಿನ ಚರಂಡಿಯಲ್ಲಿ ಮಾಸ್ತಪ್ಪನ ಶವ ಸಿಕ್ಕಿತು. ವಾಹನ ಬಡಿದ ಗಾಯ. ಎದೆಯಡಿ ಬಾಳೆನಾರು ಬಿಗಿದ ಹೂವಿನ ಕಟ್ಟು. ಪಂಚರ ಮುಂದೆ ಮಹಜರಾಯಿತು.

"ಒಂದಿಷ್ಟು ಹೂ ಮನೇಲಿಟ್ಟು, ಉಳಿದಿದ್ದು ಯಾರಿಗೋ ಕೊಡಕ್ಕೆ ಹೊರಟಿದಾರೆ. ಯಾವ್ದೋ ಲಾರಿ ಗುದ್ದಿದೆ," ಎಂದರು ಹೆಡ್ ಕಾನ್‌ಸ್ಟೇಬಲ್ ಬೆಳ್ಳಪ್ಪ. ಘಟ್ಟ ಇಳಿದುಹೋದ ಲಾರಿಯನ್ನು ಎಲ್ಲಿ ಅಂತ ಹುಡುಕುವುದು? ಫೈಲು ಮೂಲೆ ಸೇರುವ ಲಕ್ಷಣವೇ ಹೆಚ್ಚಿತ್ತು.

ಯಮುನಮ್ಮನದು ಬೇರೆಯೇ ಸಂಕಟ. "ದಣಪೆ ತನಕ ಬಂದೋರನ್ನ ನಾನು ನೋಡ್ಲೇ ಇಲ್ವಲ್ಲ ಮೇಡಂ. ಕರೆದು ಒಂದ್ ಲೋಟ ಕಾಫಿ ಕೊಟ್ಟಿದ್ರೆ ಉಳೀತಿದ್ರು."

ಆ ಮಾತು ಗಾನವಿಯನ್ನು ಬಿಡದೆ ಕೊರೆಯಿತು. ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರು ಅವರು. ಖಾಕಿ ತೊಟ್ಟ ಮೇಲೆ ಹೂವು ನೋಡಿದ್ದೆಲ್ಲ ಹೆಚ್ಚಾಗಿ ಹೆಣದ ಮೇಲೆಯೇ. ಆದರೂ ಓದಿದ್ದು ಪೂರ್ತಿ ಮರೆತಿರಲಿಲ್ಲ. ದಣಪೆಯ ಹೂವನ್ನೂ ಚರಂಡಿಯ ಕಟ್ಟಿನಲ್ಲಿ ನಜ್ಜುಗುಜ್ಜಾಗದೆ ಉಳಿದಿದ್ದ ಒಂದು ಹೂವನ್ನೂ ಮೇಜಿನ ಮೇಲಿಟ್ಟರು.

"ಬೆಳ್ಳಪ್ನೋರೆ, ಇವೇನು?"

"ಎರಡೂ ಸೀತಾಳೆ ದಂಡೆ."

"ಹಿಂದೆ ತಿರುಗಿಸಿ ನೋಡಿ."

ದಣಪೆಯ ಹೂವಿನ ಹಿಂಬದಿಗೆ ಪುಟ್ಟ ಚೀಲವಿತ್ತು. ತುಟಿಯಂಥ ದಳ ಸೀಳಿಲ್ಲದೆ ನೇರ. ಚರಂಡಿಯ ಹೂವಿಗೆ ಮುಂದಕ್ಕೆ ಬಾಗಿದ ಕೋಡು. ತುಟಿ ಮೂರು ಸೀಳು. ಎರಡೂ ಆರ್ಕಿಡ್‌ಗಳೇ; ಸಸ್ಯಶಾಸ್ತ್ರದಲ್ಲಿ ಮೊದಲಿನದು ರಿಂಕೊಸ್ಟೈಲಿಸ್, ಇದು ಏರಿಡಿಸ್. ನೆಂಟರು ಹೌದು, ಕುಲ ಬೇರೆ. ಊರವರ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು. ಮಾಸ್ತಪ್ಪ ಹತ್ತಿದ್ದ ಮತ್ತಿ ಮರವನ್ನೂ ನೋಡಿ ಬಂದರು. ಅಲ್ಲಿದ್ದದ್ದು ಕೋಡಿನ ಹೂ ಮಾತ್ರ.

"ಹಂಗಾರೆ ದಣಪೆಗೆ ತೂಗುಹಾಕಿದ್ದು ಅವ್ರಲ್ಲ," ಎಂದರು ಬೆಳ್ಳಪ್ಪ.

"ಅವರು ಇನ್ನು ಬರಲ್ಲ ಅಂತ ಗೊತ್ತಿದ್ದವರು."

ಚೀಲದ ಹೂ ಹುಡುಕುತ್ತ ತಿರುವಿನಾಚೆಯ ಮನೆಗಳ ಅಂಗಳ ಹೊಕ್ಕರು. ಮೂರನೆಯ ಮನೆಯ ಹಲಸಿನ ಮರದಲ್ಲಿ ಗೊಂಚಲು ಕೊಯ್ದ ಗಾಯ ಇನ್ನೂ ಹಸಿಯಾಗಿತ್ತು. ಅದು ಬಾಡಿಗೆ ಜೀಪಿನ ಪೂರ್ಣೇಶನ ಮನೆ. ಮಾಸ್ತಪ್ಪನ ಜೀವದ ಗೆಳೆಯ. ಮದುಮಗಳನ್ನು ಛತ್ರಕ್ಕೆ ಕರೆದೊಯ್ಯಬೇಕಾಗಿದ್ದವನೂ ಅವನೇ. ಜೀಪಿಗೆ ಟಾರ್ಪಾಲು ಹೊದೆಸಿತ್ತು. ಸರಿಸಿದರೆ, ನೆಗ್ಗಿದ ಬಂಪರಿನ ಸಂದಿಯಲ್ಲಿ ಬಾಡಿದ ಒಂದು ಹೂ.

"ಇದು?"

"ನಮ್ಮನೆ ಮರದ್ದೇ ಮೇಡಂ. ಸೀತಾಳೆ ದಂಡೆ."

"ಇದಕ್ಕೆ ಕೋಡಿದೆ. ನಿಮ್ಮ ಮರದ್ದಕ್ಕೆ ಇಲ್ಲ."

ಪೂರ್ಣೇಶ ಮೂಗು ತಾಗುವಷ್ಟು ಬಾಗಿ ನೋಡಿದ. ತಲೆ ಓರೆ ಮಾಡಿ ಮತ್ತೆ ನೋಡಿದ.

"ನಂಗೆ ಕಾಣಲ್ಲ ಮೇಡಂ."

ಕಣ್ಣಿನ ನರ ಸೋಲುತ್ತಿದೆ, ಜೀಪು ಮುಟ್ಟಬೇಡ ಎಂದು ಸಾಗರದ ಡಾಕ್ಟರು ಯಾವಾಗಲೋ ಹೇಳಿದ್ದರು. ಜೀಪು ಬಿಟ್ಟರೆ ತಾನು ಯಾರು ಎಂಬ ಭಯಕ್ಕೆ ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

"ಮಾಸ್ತಪ್ಪ ಅಂತ ಗೊತ್ತಾಗಿದ್ದು ಇಳಿದು ಮುಖ ಮುಟ್ಟಿದ್ಮೇಲೆ. ಉಸಿರಿರ್ಲಿಲ್ಲ. ಹೂವೆಲ್ಲ ಅಪ್ಪಚ್ಚಿ ಆಗಿತ್ತು. ಹುಡುಗಿ ಮುಡಿ ಬರಿದಾಗ್ಬಾರ್ದು ಅಂತ..." ಬೆಳ್ಳಪ್ಪ ಅವನ ಕೈಹಿಡಿದು ನಡೆಸಿಕೊಂಡೇ ಠಾಣೆಯ ಜೀಪು ಹತ್ತಿಸಿದರು.

ಸಂಜೆ ಗಾನವಿ ಯಮುನಮ್ಮನ ಮನೆಗೆ ಹೋದರು. ನಿಂತುಹೋದ ಮದುವೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ.

"ಅವರು ದಣಪೆ ತನಕ ಬಂದಿರಲೇ ಇಲ್ಲಮ್ಮ. ನೀವು ನೋಡದೆ ಹೋದದ್ದಲ್ಲ."

ಯಮುನಮ್ಮ ಆಗ ಬಾಯಿಬಿಟ್ಟು ಅತ್ತರು. ಲಿಖಿತಾ ಅಮ್ಮನನ್ನು ಹಿಡಿದುಕೊಂಡೇ ಕೇಳಿದಳು:

"ಹಂಗಾರೆ ಅಪ್ಪ ನಂಗೆ ತಂದಿದ್ದು ಕೋಡಿನ ಹೂವಾ ಮೇಡಂ? ಅದ್ರಲ್ಲಿ ಒಂದು ಕೊಡ್ತೀರಾ?"

ಆ ಕಟ್ಟು ಅರಗಿನ ಮೊಹರು ಬಿದ್ದು ನ್ಯಾಯಾಲಯದ ಸೊತ್ತಾಗಿತ್ತು. "ಅದನ್ನ ಕೊಡೋ ಹಾಗಿಲ್ಲ. ಅಪ್ಪ ಹತ್ತಿದ ಮತ್ತಿ ಮರದಲ್ಲಿ ಇನ್ನೂ ಇದೆ, ಬಾ," ಎಂದರು ಗಾನವಿ.