ಒಂದು ನೂಲಿನಷ್ಟು ಸಡಿಲ

ಕುವೈತಿನ ಶುವೈಖ್‌ನ ವರ್ಕ್‌ಶಾಪಿನಲ್ಲಿ ಆ ಸೋಮವಾರ ಚಹಾದ ಹಬೆ ಆರುವ ಮೊದಲೇ ಮಾಲೀಕ ಅಬು ನಾಸರ್ ತನ್ನ ಮಾತು ಮುಗಿಸಿಬಿಟ್ಟ. ಬಾಯ್ಲರ್ ರಿಪೇರಿಯ ಕೆಲಸ ಕಡಿಮೆಯಾಗಿದೆ. ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಒಬ್ಬನ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮಾತ್ರ ಈ ಸಲ ಮುಂದುವರಿಯುತ್ತದೆ, ಇನ್ನೊಬ್ಬ ಊರಿಗೆ ಹೋಗಬೇಕು. ಯಾರೆಂದು ಭಾನುವಾರ ಹೇಳುತ್ತೇನೆ. ಇಷ್ಟು ಹೇಳಿ, ಖಲಾಸ್ ಎಂದು ಕೈ ಕೊಡವಿ ಕಾರು ಹತ್ತಿದ.

ಇಬ್ಬರು ಎಂದರೆ ಉಳ್ಳಾಲದ ಕಾಸಿಂ ಕುಂಞಿ ಮತ್ತು ಗದಗ ಕಡೆಯ ಶ್ರೀಕಾಂತ. ಕಾಸಿಂ ಕುಂಞಿಗೆ ಅರವತ್ತೊಂದು. ಮೂವತ್ತು ವರ್ಷದಿಂದ ಕುವೈತಿನ ಬಾಯ್ಲರ್‌ಗಳ ಎದೆಗೆ ಕಿವಿಯಿಟ್ಟು ರೋಗ ಹೇಳುತ್ತ ಬಂದವನು. ಶ್ರೀಕಾಂತನಿಗೆ ನಲವತ್ತೆರಡು. ಏಳು ವರ್ಷದ ಹಿಂದೆ ಬಂದು, ಸ್ಪ್ಯಾನರ್ ಹಿಡಿಯುವುದು ಮೊದಲಾಗಿ ಎಲ್ಲವನ್ನೂ ಆ ಮುದುಕನ ಕೈಕೆಳಗೇ ಕಲಿತವನು. ಮೈದಾನ್ ಹವಲ್ಲಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅವನ ಹೆಂಡತಿ ಸೀಮಾ, ಮಗಳು ಸೌಂದರ್ಯಾ ಇದ್ದರು. ಅವನ ಇಕಾಮಾ ಹೋದರೆ ಅವರಿಬ್ಬರದೂ ಹೋಯಿತು. ಮಗಳ ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನು ಆರೇ ವಾರ.

"ಅಪ್ಪಾ, ವಿ ಆರ್ ನಾಟ್ ಗೋಯಿಂಗ್, ರೈಟ್?" ಎಂದು ಮಗಳು ಪುಸ್ತಕದಿಂದ ತಲೆಯೆತ್ತದೆ ಕೇಳಿದಳು.

"ಎಲ್ಲಿಗೂ ಹೋಗೂದಿಲ್ಲ, ನೀ ಓದವಾ," ಎಂದ ಶ್ರೀಕಾಂತ. ಆಡಿದ ಮೇಲೆ ಆ ಮಾತು ನಿಜವಾಗಲೇಬೇಕಲ್ಲ ಎಂದು ಯೋಚನೆಗೆ ಕುಳಿತ.

ನ್ಯಾಯವಾಗಿ ತೂಗಿ ನೋಡಿದ. ಮುದುಕನಿಗೆ ಊರಿನಲ್ಲಿ ಮನೆಯಿದೆ, ಮೊಮ್ಮಕ್ಕಳಿದ್ದಾರೆ, ಕಣ್ಣು ಮಸುಕಾಗಿದೆ. ತಾನಾಗಿಯೇ ಎದ್ದು ಹೋಗಬೇಕಾದವನು ಅವನು. ಆದರೆ ಹೋಗುವವನ ಲಕ್ಷಣ ಒಂದೂ ಕಾಣಲಿಲ್ಲ. ಅದರ ಬದಲು ಗುರುವಾರ ಬೆಳಿಗ್ಗೆ ಟೂಲ್ ಬಾಕ್ಸನ್ನು ಎತ್ತಿಕೊಂಡು, "ಅರ್ಬಾಬನ ಉಮ್ಮನ ಮನೆ ಬಾಯ್ಲರ್ ಸರ್ವೀಸಿಗೆ ನಾನು ಹೋಗ್ತೇನೆ. ನೀನು ಸಾಲ್ಮಿಯಾದ ಆ ಲೀಕ್ ನೋಡು ಮಾರಾಯ," ಎಂದ.

"ಅಲ್ಲಿ ಲಿಫ್ಟ್ ಇಲ್ಲಲ್ಲ ಕಾಕಾ, ಐದನೇ ಫ್ಲೋರು!"

"ಅದಕ್ಕೇ ಅಲ್ವಾ ನಿನ್ನನ್ನು ಕಳಿಸುದು? ತಲೆಬಿಸಿ ಮಾಡ್ಬೇಡ, ಎಲ್ಲ ಸರಿ ಆಗ್ತದೆ." ಹಾಗೆಂದು ಒಂದು ಕಣ್ಣು ಮಿಟುಕಿಸಿದ.

ಆ ಮಿಟುಕು ಶ್ರೀಕಾಂತನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಮಾಲೀಕನ ತಾಯಿಯ ಮನೆ! ತೀರ್ಮಾನದ ವಾರದಲ್ಲಿ ಆ ಒಂದು ಕೆಲಸ ಚೆನ್ನಾಗಿ ಮಾಡಿದವನೇ ಉಳಿಯುವವನು ಎಂಬುದು ಕುರುಡನಿಗೂ ತಿಳಿಯುತ್ತದೆ. ಅದನ್ನು ತಾನೇ ನುಂಗಿ, ಇವನನ್ನು ಮೆಟ್ಟಿಲು ಹತ್ತಿಸಲು ಕಳಿಸಿದ ಮುದುಕ, ಮೇಲೆ ಕಣ್ಣು ಬೇರೆ ಮಿಟುಕಿಸುತ್ತಾನೆ. ಐದನೆಯ ಮಹಡಿ ತಲುಪುವಷ್ಟರಲ್ಲಿ ಶ್ರೀಕಾಂತನ ಮನಸ್ಸಿನಲ್ಲಿ ಯೋಜನೆಗೆ ತಳಪಾಯ ಬಿದ್ದಿತ್ತು. ಕಾಸಿಂ ಕುಂಞಿ ಸರ್ವೀಸ್ ಮಾಡಿದ ಬಾಯ್ಲರ್ ಮೂರನೆಯ ದಿನಕ್ಕೆ ಕೈಕೊಡಬೇಕು, ಅದನ್ನು ತಾನು ಹೋಗಿ ಎರಡು ನಿಮಿಷದಲ್ಲಿ ಸರಿಪಡಿಸಬೇಕು. ಮಾಲೀಕ ಪಕ್ಕದಲ್ಲೇ ನಿಂತು ನೋಡುತ್ತಿರಬೇಕು.

ಒಳ್ಳೆಯ ವೈದ್ಯನಿಗೆ ರೋಗ ಬರಿಸುವುದೂ ಗೊತ್ತಿರುತ್ತದೆ. ಶ್ರೀಕಾಂತ ಒಂದೊಂದೇ ರೋಗವನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ. ಬಾಯ್ಲರಿನ ನೀರಿನ ಒತ್ತಡ ಇಳಿಸಿದರೆ? ಮೀಟರಿನ ಮುಳ್ಳು ಒಂದೂವರೆಯಿಂದ ಅರ್ಧಕ್ಕೆ ಬೀಳುತ್ತದೆ, ಬಾಯ್ಲರ್ ನಿಲ್ಲುತ್ತದೆ. ಆದರೆ ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿದರೆ ಅಡಿಗೆಯವಳೂ ಅದನ್ನು ಸರಿಮಾಡಿಯಾಳು. ಶಾಖ ಅಳೆಯುವ ಸೆನ್ಸರ್ ಕೆಡಿಸಿದರೆ ತಪ್ಪು ಸಾಮಾನಿನ ತಲೆಗೆ ಹೋಗುತ್ತದೆ, ಮನುಷ್ಯನ ತಲೆಗಲ್ಲ. ಗ್ಯಾಸಿನ ವಾಲ್ವು, ಹೊಗೆಯ ಕೊಳವೆ ನೆನಪಾದಾಗ ಎರಡೂ ಕಿವಿ ಹಿಡಿದುಕೊಂಡ. ಜೀವಕ್ಕೆ ಅಪಾಯವಾಗುವ ಕೆಲಸ ಪಾಪ. ಅವನು ಪಾಪಭೀರು.

ಕೊನೆಗೆ ಆ ಕಡ್ಡಿ ನೆನಪಾಯಿತು. ಉರಿಯ ಬಾಯಲ್ಲಿ ಬೆರಳುದ್ದದ ಒಂದು ಕಡ್ಡಿ ಇರುತ್ತದೆ. ಬೆಂಕಿ ಹೊತ್ತಿತು ಎಂದು ಬಾಯ್ಲರಿನ ಕಂಟ್ರೋಲ್ ಬೋರ್ಡಿಗೆ ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸ. ಸುದ್ದಿ ಬರದಿದ್ದರೆ ಬೋರ್ಡು ನಾಲ್ಕೈದು ಸೆಕೆಂಡಿನಲ್ಲಿ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಮೂರು ಸಲ ಪ್ರಯತ್ನಿಸಿ, ಕೆಂಪು ದೀಪ ಹಚ್ಚಿ ಮುನಿಸಿಕೊಂಡು ಕೂರುತ್ತದೆ. ಯಾರಿಗೂ ಅಪಾಯವಿಲ್ಲ, ಬಿಸಿನೀರೂ ಇಲ್ಲ. ಸರ್ವೀಸ್ ಮಾಡುವಾಗ ಆ ಕಡ್ಡಿಯ ವೈರು ಕಿತ್ತು, ಮಸಿ ಉಜ್ಜಿ, ವೈರನ್ನು ಮತ್ತೆ ಟಕ್ಕೆಂದು ಕೂರಿಸಬೇಕು. ಆ ಟಕ್ ಅನ್ನಿಸಲು ಮರೆತವನು ವಯಸ್ಸಾದವನು, ಕಣ್ಣು ಮಂಜಾದವನು ಎಂದು ಯಾರಾದರೂ ಒಪ್ಪುತ್ತಾರೆ. ಆಯುಧ ಬೇಡ, ಗುರುತು ಉಳಿಯುವುದಿಲ್ಲ. ಬೆರಳ ತುದಿಯಿಂದ ಒಂದು ನೂಲಿನಷ್ಟು ಹಿಂದಕ್ಕೆ ಎಳೆದರೆ ಸಾಕು. ಬಾಯ್ಲರಿನ ಒಳಗಿನ ಫ್ಯಾನು ತಿರುಗಿದಾಗಲೆಲ್ಲ ತಗಡು ನಡುಗುತ್ತದೆ, ಹದಿನೈದನೆಯದೋ ಇಪ್ಪತ್ತನೆಯದೋ ನಡುಕಕ್ಕೆ ವೈರು ತಾನೇ ಕಳಚಿಕೊಳ್ಳುತ್ತದೆ.

ಶನಿವಾರ ಸ್ನಾನ ಮಾಡಿ ಹನುಮಪ್ಪನ ಪಟದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತ. "ಇದು ಮಗಳ ಸಲುವಾಗಿ, ನನಗಂತ ಅಲ್ಲ. ತಪ್ಪು ಅನಿಸಿದರ ಈಗಲೇ ಒಂದು ಸೂಚನಾ ಕೊಡಪಾ," ಎಂದು ಕೇಳಿಕೊಂಡ. ಹನುಮಪ್ಪ ಎಂದಿನಂತೆ ಗುಡ್ಡ ಹೊತ್ತುಕೊಂಡೇ ಇದ್ದ, ಏನೂ ಅನ್ನಲಿಲ್ಲ. ಶ್ರೀಕಾಂತ ಅದನ್ನೇ ಒಪ್ಪಿಗೆ ಎಂದು ತಿಳಿದು ಹೊರಟ.

ಹೋಗಲು ನೆಪ ಸಿದ್ಧವಿತ್ತು. ಮಾಲೀಕನ ತಾಯಿಯ ಮನೆಯಲ್ಲಿ ಅಡಿಗೆ ಮಾಡುವ ಬಾಳಕ್ಕ ಕೊಪ್ಪಳ ಕಡೆಯವಳು. ನಲ್ಲಿ ಸೋರುತ್ತದೆ ಎಂದು ವಾರದಿಂದ ಫೋನು ಮಾಡುತ್ತಿದ್ದಳು.

"ಬಂದ್ಯಾ ತಮ್ಮಾ? ನಿನ್ನ ದಾರಿ ನೋಡಿ ನೋಡಿ ನಳಾನೂ ಅತ್ತು ಸಾಕಾತು," ಎಂದು ಅವಳು ಬಾಗಿಲು ತೆಗೆದಳು.

"ವಾಷರ್ ಸವದೈತಿ ಬಾಳಕ್ಕ, ಹತ್ತು ಮಿನಿಟಿನ ಕೆಲಸ. ಆ ಕಡೆ ಖೋಲ್ಯಾಗ ನೀರು ಬಂದ್ ಮಾಡಿ ಬರ್ತೀನಿ."

"ಮಾಡು. ಅಜ್ಜಿ ಮಲಗ್ಯಾಳ, ಸಪ್ಪಳ ಮಾಡಬ್ಯಾಡ. ಬಾಯ್ಲರ್ ಸರ್ವೀಸ್ ಆದಾಗಿಂದ ಏನ್ ನೀರಂತೀ! ಅವತ್ತು ನಾ ದವಾಖಾನಿಗೆ ಹೋಗಿದ್ದೆ. ಯಾರು ಮಾಡ್ಯಾರೋ ಏನೋ, ಅವರ ಮಕ್ಕಳು ಮರಿ ತಣ್ಣಗಿರಲಿ."

ಆ ಹಾರೈಕೆ ಕಾಸಿಂ ಕುಂಞಿಗೆ ಸೇರುತ್ತದಲ್ಲ ಎಂದು ಶ್ರೀಕಾಂತನಿಗೆ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚಿನಲ್ಲಿ ಕೈ ಇನ್ನಷ್ಟು ಸ್ಥಿರವಾಯಿತು. ಆ ಕೋಣೆಯಲ್ಲೇ ಇದ್ದ ಬಾಯ್ಲರಿನ ಎರಡು ಸ್ಕ್ರೂ ತೆಗೆದ, ಮುಚ್ಚಳವನ್ನು ಗೋಡೆಗೆ ಒರಗಿಸಿದ. ಮುದುಕನ ಕೆಲಸ ನೋಡಿ ಒಂದು ಕ್ಷಣ ತಡೆದ. ಕಡ್ಡಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ತಳದಲ್ಲಿ ಒಂದು ಚೂರು ಮಸಿಯಿಲ್ಲ. ತನ್ನ ಜನ್ಮದಲ್ಲಿ ಇಷ್ಟು ಚೊಕ್ಕವಾಗಿ ಮಾಡಿರಲಿಲ್ಲ. ಬೆರಳಿಟ್ಟು ವೈರನ್ನು ಒಂದು ನೂಲು ಎಳೆದ, ಮುಚ್ಚಳ ಹಾಕಿದ. ಬಿಸಿನೀರಿನ ನಲ್ಲಿ ತಿರುಗಿಸಿ ಪರೀಕ್ಷಿಸಿದ. ಟಿಕ್ ಟಿಕ್ ಟಿಕ್, ಭುಪ್. ನೀಲಿ ಉರಿ ಹತ್ತಿತು, ಆರಲಿಲ್ಲ. ಸಂಜೆಯ ಸ್ನಾನ, ಪಾತ್ರೆಗಳು, ಮಲಗುವ ಮುಂಚಿನ ನಮಾಜು ಎಂದು ಬೆರಳು ಮಡಿಚಿ ಲೆಕ್ಕ ಹಾಕಿದ. ನಾಳೆ ನಸುಕಿನ ನಮಾಜಿಗೆ ಅಜ್ಜಿ ಕೈಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ನಲ್ಲಿಗೆ ವಾಷರ್ ಹಾಕಿ, ಬಾಳಕ್ಕನ ಚಹಾ ಕುಡಿದು, ಎರಡು ರೊಟ್ಟಿಯನ್ನೂ ತಿಂದು ಬಂದ.

ಲೆಕ್ಕ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಫೋನು ಹೊಡೆದುಕೊಂಡಿತು. ಜನವರಿಯ ಚಳಿಯಲ್ಲಿ ಅಬು ನಾಸರ್ ಇಬ್ಬರನ್ನೂ ತಾಯಿಯ ಮನೆಗೆ ಕರೆಸಿದ್ದ. ಒಳಗಿನ ಕೋಣೆಯಲ್ಲಿ ಅಜ್ಜಿ ಊರುಗೋಲನ್ನು ನೆಲಕ್ಕೆ ಕುಟ್ಟುವುದು ಕೇಳುತ್ತಿತ್ತು. "ತಣ್ಣೀರು ಮುಟ್ಟಿ ಅಜ್ಜಿ ಮನಿ ಮಂದೀನೆಲ್ಲಾ ಝಾಡಿಸಾಕ ಹತ್ಯಾಳ," ಎಂದು ಬಾಳಕ್ಕ ಪಿಸುಗುಟ್ಟಿದಳು.

"ಶಿನು ಮುಶ್ಕಿಲಾ? ಏನಾಗಿದೆ ಇದಕ್ಕೆ?" ಎಂದು ಅಬು ನಾಸರ್ ಗುಡುಗಿದ.

ಕಾಸಿಂ ಕುಂಞಿ ಮುಂದೆ ಬಂದ. ಶ್ರೀಕಾಂತ ಅವನ ಭುಜ ಮುಟ್ಟಿ ನಯವಾಗಿ ಹಿಂದೆ ಸರಿಸಿ, "ನೀವು ಕುಂದರ್ರಿ ಕಾಕಾ, ನಾ ನೋಡ್ತೀನಿ," ಎಂದ. ಮಾಲೀಕನಿಗೆ ಅರ್ಥವಾಗುವ ಹಿಂದಿ-ಅರಬಿಯಲ್ಲಿ ವಿವರಿಸುತ್ತ ಹೋದ. ಒತ್ತಡ ಒಂದೂವರೆ, ಸರಿಯಿದೆ. ಗ್ಯಾಸು ಬರುತ್ತಿದೆ. ಕೇಳಿ, ಹೊತ್ತಿತು, ಆರಿತು. ಮುಚ್ಚಳ ತೆಗೆದು ಗೋಡೆಗೆ ಒರಗಿಸಿ, ಟಾರ್ಚು ಬಿಟ್ಟು, ಜೋತಾಡುವ ವೈರನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಟಕ್ಕೆಂದು ಕೂರಿಸಿದ. ಭುಪ್ ಎಂದು ಉರಿ ಹತ್ತಿ, ಆರದೆ ಉಳಿಯಿತು. ಒಳಗೆ ಊರುಗೋಲು ಸುಮ್ಮನಾಯಿತು.

"ಅರ್ಬಾಬ್, ಬಾಯ್ಲರಿಗೆ ರೋಗ ಇಲ್ಲ. ಸರ್ವೀಸ್ ಮಾಡಿದವನಿಗೆ ರೋಗ."

"ಸಾಕು ಮಾರಾಯ, ಬಾಯಿ ಮುಚ್ಚು," ಎಂದು ಕಾಸಿಂ ಕುಂಞಿ ಕನ್ನಡದಲ್ಲಿ ಹೇಳಿ ಅವನ ಕಾಲು ತುಳಿದ. ಮುದುಕನ ಮುಖ ಬಿಳಿಚಿತ್ತು.

"ಹೆದರಬ್ಯಾಡ್ರಿ, ನಿಮ್ಮ ಹೆಸರೇನ ತಗೋಳೂದಿಲ್ಲ," ಎಂದು ಶ್ರೀಕಾಂತ ಉದಾರವಾಗಿ ಪಿಸುಗುಟ್ಟಿದ.

"ಅಯ್ಯೋ, ನಿನಗೆ ಎಂತ ಗೊತ್ತುಂಟು! ಅಲ್ಲಾಹುವಿನಾಣೆ, ಸುಮ್ಮನಿರು!"

ಶ್ರೀಕಾಂತ ಸುಮ್ಮನಿರಲಿಲ್ಲ. ಆರು ದಿನ ಕಟ್ಟಿಟ್ಟ ಮಾತು ಹೊರಬಂತು. "ಮೊದಲ ತಿಂಗಳು ಕಲಿಯುವವನೂ ಮಾಡದ ತಪ್ಪು ಇದು. ಇಂಥವನ ಕೈಗೆ ಗ್ಯಾಸಿನ ಮುಂದೆ ಸ್ಪ್ಯಾನರ್ ಕೊಡಬಾರದು. ಇವತ್ತು ವೈರು, ನಾಳೆ ಪೈಪು. ಇಂಥವನನ್ನು ನಾನಾಗಿದ್ದರೆ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ."

ಅಬು ನಾಸರ್ ಅವನ ಕಡೆ ತಿರುಗಿದ. "ಸೋಮವಾರ ಸಂಜೆ ಕಾಸಿಂ ನನ್ನ ಹತ್ತಿರ ಬಂದಿದ್ದ," ಎಂದ ನಿಧಾನವಾಗಿ. "ನನಗೆ ಸಾಕು, ಊರಿಗೆ ಹೋಗುತ್ತೇನೆ, ಇವನನ್ನು ಉಳಿಸಿಕೊಳ್ಳಿ ಎಂದು ಕೈ ಹಿಡಿದು ಕೇಳಿದ. ಹಾಗಾದರೆ ನನ್ನ ತಾಯಿಯ ಮನೆಯ ಬಾಯ್ಲರನ್ನು ಇವನೊಬ್ಬನೇ ಸರ್ವೀಸ್ ಮಾಡಿ ತೋರಿಸಲಿ ಎಂದಿದ್ದೆ." ಕಾಸಿಂ ಕುಂಞಿ ಕೈ ಎತ್ತಿ, "ಅರ್ಬಾಬ್, ಅದು ಇವನಲ್ಲ, ನಾನು..." ಎನ್ನುವಷ್ಟರಲ್ಲಿ ಅಬು ನಾಸರ್ ತಡೆದ: "ಬಸ್, ಕಾಸಿಂ. ಏಳು ವರ್ಷದಿಂದ ಇವನ ತಪ್ಪನ್ನೆಲ್ಲ ನಿನ್ನ ಮೇಲೇ ಹಾಕಿಕೊಂಡಿದ್ದೀಯ." ಹೇಳುತ್ತಲೇ ಬಗ್ಗಿ, ಗೋಡೆಗೆ ಒರಗಿದ್ದ ಮುಚ್ಚಳವನ್ನು ತಿರುಗಿಸಿದ. ಸರ್ವೀಸ್ ಮಾಡಿದವನು ಮುಚ್ಚಳದ ಒಳಮೈಯ ಚೀಟಿಯಲ್ಲಿ ತನ್ನ ಹೆಸರು, ದಿನ ಬರೆಯಬೇಕೆಂಬುದು ಆ ವರ್ಕ್‌ಶಾಪಿನ ನಿಯಮ. ಶ್ರೀಕಾಂತ ತಾನೇ ನೂರಾರು ಮುಚ್ಚಳಗಳ ಮೇಲೆ ಬರೆದವನು. ಈ ಒಂದನ್ನು ಮಾತ್ರ, ಯಾರ ಹೆಸರಿದೆ ಎಂದು ಚೆನ್ನಾಗಿ ಗೊತ್ತಿದ್ದುದರಿಂದ, ಎರಡು ಸಲ ಕೈಯಲ್ಲಿ ಹಿಡಿದರೂ ಓದಿರಲಿಲ್ಲ. ಅಬು ನಾಸರ್ ಅದನ್ನು ಅವನ ಕಣ್ಣ ಮುಂದೆ ಹಿಡಿದ. ಮಂಜುಗಣ್ಣಿನ ಮುದುಕ ಒಂದೊಂದೇ ಅಕ್ಷರ ಕೂಡಿಸಿ ಪ್ರೀತಿಯಾಗಿ ಬರೆದಿದ್ದ: ಶ್ರೀಕಾಂತ, ಗುರುವಾರ.